ಇಪ್ಪತ್ಮೂರು ಹೆಸರುಗಳ ಪಟ್ಟಿ

2016ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಮಗಳು ಹುಟ್ಟಿ ಏಳು ವಾರ ಆಗಿತ್ತು. ಬಾಣಂತನಕ್ಕೆ ಅಂತ ಮೈಸೂರಿಂದ ಅತ್ತೆ ಬಂದಿದ್ರು. ಮಗು ಚೆನ್ನಾಗಿ ನಿದ್ದೆ ಮಾಡ್ತಿತ್ತು, ಮಗುವಿನ ತಾಯಿ ಮಾಡ್ತಿರಲಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ನೋಡಿದರೆ ಹಾಲ್‌ನಲ್ಲಿ ದೀಪ ಹಾಕದೆ ಕೂತಿರೋಳು. ಯಾಕೆ ಅಂದ್ರೆ ಉತ್ತರ ಇಲ್ಲ. ಒಂದು ದಿನ ಮಾತ್ರ, ‘ನಾನಿಲ್ಲದಿದ್ರೂ ಇದು ಬೆಳೆಯತ್ತೆ ಅಲ್ವಾ’ ಅಂದಳು, ಮಗುವಿನ ಕಡೆ ನೋಡದೆ.

ಅತ್ತೆ ಮೊದಲು, ‘ಬಾಣಂತಿ ಅಂದ್ಮೇಲೆ ಇದೆಲ್ಲ ಇದ್ದದ್ದೇ, ಸರಿಹೋಗತ್ತೆ ಬಿಡಿ’ ಅಂತಿದ್ರು. ಆ ಮಾತು ಕೇಳಿದ ದಿನ ಮಾತ್ರ ಅಡುಗೆಮನೆಗೆ ಕರೆದು ಮೆಲ್ಲಗೆ, ‘ನಮ್ಮ ಕಡೆ ಇದಕ್ಕೆ ಬಾಣಂತಿ ಸನ್ನಿ ಅಂತಾರೆ. ತಡ ಮಾಡಬೇಡಿ’ ಅಂದ್ರು. ಹೆರಿಗೆ ಮಾಡಿಸಿದ ಡಾಕ್ಟರ್ ಹತ್ತು ಪ್ರಶ್ನೆಗಳ ಒಂದು ಹಾಳೆ ತುಂಬಿಸಿಕೊಂಡು, ಅದರ ಅಂಕ ಕೂಡಿಸಿ ನೋಡಿ, ಬೇಗ ಒಬ್ಬ ಸೈಕಿಯಾಟ್ರಿಸ್ಟ್‌ಗೆ ತೋರಿಸಿ ಅಂದ್ರು. ಯಾರಿಗೆ ಅಂತ ಕೇಳಿದೆ. ‘ನಿಮ್ಮ ಇನ್ಶೂರೆನ್ಸ್ ವೆಬ್‌ಸೈಟ್‌ನಲ್ಲಿ ಪಟ್ಟಿ ಇರತ್ತೆ.’

ಇತ್ತು. ಪಿನ್‌ಕೋಡ್ ಹಾಕಿದೆ, ಹತ್ತು ಮೈಲಿ ಅಂತ ಆರಿಸಿದೆ, ‘ಹೊಸ ಪೇಷೆಂಟ್‌ಗಳನ್ನು ನೋಡುತ್ತಾರೆ’ ಅನ್ನೋ ಡಬ್ಬಿಗೆ ಟಿಕ್ ಮಾಡಿದೆ. ಇಪ್ಪತ್ಮೂರು ಹೆಸರು ಬಂತು. ನನಗೆ ನಿಜವಾಗಿ ಸಮಾಧಾನ ಆಯ್ತು. ಒಂದು ನೋಟ್‌ಬುಕ್ ತಗೊಂಡು, ಆಫೀಸಿನ ಸಣ್ಣ ಮೀಟಿಂಗ್ ರೂಮಿನಲ್ಲಿ ಕೂತು ಒಂದೊಂದಾಗಿ ಫೋನ್ ಹಚ್ಚಿದೆ. ಆರು ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ನಾಲ್ಕು ಕಡೆ, ಆ ಇನ್ಶೂರೆನ್ಸ್ ನಾವು ಬಿಟ್ಟು ವರ್ಷಗಳಾಯ್ತು ಅಂದ್ರು. ಐದು ಕಡೆ ಹೊಸಬರನ್ನು ತಗೊಳಲ್ಲ. ಮೂವರು ಮಕ್ಕಳನ್ನು ಮಾತ್ರ ನೋಡೋರು. ಒಬ್ಬರ ಬಗ್ಗೆ ಕೇಳಿದಾಗ ಆ ಕಡೆಯ ಹೆಂಗಸು ಒಂದು ಕ್ಷಣ ಸುಮ್ಮನಿದ್ದು, ಡಾಕ್ಟರ್ ತೀರಿಕೊಂಡು ಎರಡು ವರ್ಷ ಆಯ್ತು ಅಂದಳು. ಇಬ್ಬರು ಅಪಾಯಿಂಟ್‌ಮೆಂಟ್ ಕೊಡ್ತೀವಿ ಅಂದ್ರು, ಒಬ್ಬರು ಜನವರಿಗೆ, ಇನ್ನೊಬ್ಬರು ಫೆಬ್ರವರಿಗೆ. ಉಳಿದ ಇಬ್ಬರಿಗೆ ವಾಯ್ಸ್‌ಮೇಲ್ ಬಿಟ್ಟೆ. ಅವರು ವಾಪಸ್ ಮಾಡಲಿಲ್ಲ.

ಈ ಲೇಖನ ಆ ಪಟ್ಟಿಯ ಚರಿತ್ರೆ. ಅವತ್ತು ಸಿಟ್ಟಿನಲ್ಲಿ ಓದಲು ಶುರು ಮಾಡಿದ್ದು, ಸಿಟ್ಟು ಇಳಿದ ಮೇಲೂ ಬಿಡಲಿಲ್ಲ.

ಬೆಂಗಳೂರಲ್ಲಿ ಕೂತು ಓದೋರಿಗೆ ಒಂದು ಮಾತು ಮೊದಲೇ ಹೇಳಬೇಕು. ನಮ್ಮಲ್ಲಿ ನೆಟ್‌ವರ್ಕ್ ಹಾಸ್ಪಿಟಲ್ ಅಂದ್ರೆ ಕ್ಯಾಶ್‌ಲೆಸ್ ಸಿಗೋ ಜಾಗ. ಅದರ ಹೊರಗೆ ಹೋದರೆ ಸಾಮಾನ್ಯವಾಗಿ ಕೈಯಿಂದ ಕಟ್ಟಿ, ಬಿಲ್ಲುಗಳ ಕಟ್ಟು ಕಳಿಸಿ, ಆಮೇಲೆ ವಾಪಸ್ ಪಡೀಬಹುದು. ಪಟ್ಟಿ ಕೈಕೊಟ್ಟರೆ ಏನಾಗತ್ತೆ ಅಂತ ನಮಗೂ ಗೊತ್ತು. 2010ರ ಜುಲೈನಲ್ಲಿ ನಾಲ್ಕು ಸರ್ಕಾರಿ ಜನರಲ್ ಇನ್ಶೂರೆನ್ಸ್ ಕಂಪನಿಗಳು ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರಿನ ಎಷ್ಟೋ ದೊಡ್ಡ ಆಸ್ಪತ್ರೆಗಳನ್ನು ಕ್ಯಾಶ್‌ಲೆಸ್‌ನಿಂದ ಕೈಬಿಟ್ಟಾಗ ಆದ ಗಲಾಟೆ ಕೆಲವರಿಗೆ ನೆನಪಿರಬಹುದು. ಅಮೆರಿಕದಲ್ಲಿ ಇದರ ಬಿಗಿ ಇನ್ನೂ ಜಾಸ್ತಿ. ಅಲ್ಲಿ ಆಸ್ಪತ್ರೆ ಮಾತ್ರ ಅಲ್ಲ, ಜ್ವರಕ್ಕೆ ನೋಡೋ ಡಾಕ್ಟರೂ ಪಟ್ಟಿಯಲ್ಲಿರಬೇಕು. ಕೆಲವು ಪ್ಲಾನ್‌ಗಳಲ್ಲಿ ಎಮರ್ಜೆನ್ಸಿ ಬಿಟ್ಟು ಬೇರೆ ಯಾವುದಕ್ಕೂ ಪಟ್ಟಿಯ ಹೊರಗೆ ಒಂದು ಡಾಲರ್ ಕೂಡ ಬರಲ್ಲ. ಹಾಗಾಗಿ ಇನ್ಶೂರೆನ್ಸ್ ಕೊಳ್ಳೋದು ಅಂದ್ರೆ ಅಲ್ಲಿ ಒಂದು ಪಟ್ಟಿ ಕೊಳ್ಳೋದು. ಆ ಪಟ್ಟಿ ಸಾಲತ್ತಾ ಇಲ್ವಾ ಅಂತ ನೋಡೋ ಸರ್ಕಾರಿ ಕೆಲಸಕ್ಕೆ ನೆಟ್‌ವರ್ಕ್ ಅಡಿಕ್ವಸಿ ಅಂತ ಹೆಸರು.

ಶುರುವಿನಲ್ಲಿ ಪಟ್ಟಿಯಲ್ಲಿ ಒಂದೇ ಹೆಸರಿತ್ತು. 1929, ಟೆಕ್ಸಸ್‌ನ ಡಲ್ಲಾಸ್. ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಉಸ್ತುವಾರಿ ಹೊತ್ತಿದ್ದ ಜಸ್ಟಿನ್ ಫೋರ್ಡ್ ಕಿಂಬಲ್ ಅದಕ್ಕೆ ಮೊದಲು ಡಲ್ಲಾಸ್ ಶಾಲೆಗಳ ಸೂಪರಿಂಟೆಂಡೆಂಟ್ ಆಗಿದ್ದವರು. ಆಸ್ಪತ್ರೆಯ ವಸೂಲಾಗದ ಬಾಕಿ ಲೆಕ್ಕ ನೋಡಿದಾಗ ಅದರಲ್ಲಿ ತಮಗೆ ಗೊತ್ತಿದ್ದ ಟೀಚರುಗಳ ಹೆಸರೇ ಕಂಡವಂತೆ. ತಿಂಗಳಿಗೆ 50 ಸೆಂಟ್ ಕಟ್ಟಿ, ಬೇಕಾದಾಗ ವರ್ಷಕ್ಕೆ 21 ದಿನ ಆಸ್ಪತ್ರೆಯಲ್ಲಿರಿ ಅಂತ ಯೋಜನೆ ಮಾಡಿದರು. ಬ್ಲೂ ಕ್ರಾಸ್‌ನ ಬೇರು ಇದೇ. ನಾಲ್ಕು ವರ್ಷದ ನಂತರ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಕೊಲರಾಡೋ ನದಿಯ ನೀರನ್ನು ಲಾಸ್ ಏಂಜಲೀಸ್ ಕಡೆಗೆ ತರೋ ಕಾಲುವೆಯ ಕೂಲಿಕಾರರಿಗೆ ಸಿಡ್ನಿ ಗಾರ್ಫೀಲ್ಡ್ ಅನ್ನೋ ಯುವ ಡಾಕ್ಟರ್ ಹನ್ನೆರಡು ಹಾಸಿಗೆಯ ಆಸ್ಪತ್ರೆ ಕಟ್ಟಿ, ದಿನಕ್ಕೆ ತಲೆಗೆ ಐದು ಸೆಂಟ್ ಮುಂಗಡ ಪಡೆದು ನಡೆಸಿದ. ಕೈಸರ್ ಪರ್ಮನೆಂಟೆ ಹುಟ್ಟಿದ್ದು ಆ ಐದು ಸೆಂಟಿನಿಂದ.

ಈ ಎರಡೂ ಕಡೆ ಪಟ್ಟಿ ಸುಳ್ಳಾಗೋಕೆ ದಾರಿಯೇ ಇರಲಿಲ್ಲ, ಗಮನಿಸಿ. ದುಡ್ಡು ತಗೊಳೋನೂ ಅವನೇ, ಔಷಧಿ ಕೊಡೋನೂ ಅವನೇ. ಆಸ್ಪತ್ರೆ ಬಾಗಿಲು ಮುಚ್ಚಿದ್ರೆ ಟೀಚರಮ್ಮನಿಗೆ ಕಣ್ಣಿಗೆ ಕಾಣೋದು. ಆಮೇಲೆ ಊರಿನ ಹಲವು ಆಸ್ಪತ್ರೆಗಳು ಒಟ್ಟಿಗೆ ಸೇರಿ ಯೋಜನೆ ಮಾಡಿದವು, 1932ರಲ್ಲಿ ಸ್ಯಾಕ್ರಮೆಂಟೋದಲ್ಲಿ ಹಾಗಾಯ್ತು. ಯಾವ ಆಸ್ಪತ್ರೆಗಾದರೂ ಹೋಗಬಹುದು ಅನ್ನೋದೇ ರೂಢಿಯಾಯ್ತು. ಮುಂದಿನ ಮೂವತ್ತು ನಲವತ್ತು ವರ್ಷ ಅಮೆರಿಕದ ಸಂಬಳದಾರನಿಗೆ ಪಟ್ಟಿ ಅನ್ನೋದು ಹೆಚ್ಚುಕಡಿಮೆ ಮರೆತೇಹೋಗಿತ್ತು.

ಪಟ್ಟಿಯನ್ನು ವಾಪಸ್ ತಂದದ್ದು ಖರ್ಚು. 1970ರಲ್ಲಿ ಪಾಲ್ ಎಲ್‌ವುಡ್ ಅನ್ನೋ ಡಾಕ್ಟರ್ ‘ಹೆಲ್ತ್ ಮೆಂಟೆನೆನ್ಸ್ ಆರ್ಗನೈಸೇಶನ್’, ಎಚ್‌ಎಂಒ ಅನ್ನೋ ಹೆಸರು ಹುಟ್ಟುಹಾಕಿದರು. ವರ್ಷಕ್ಕಿಷ್ಟು ಅಂತ ಮೊದಲೇ ದುಡ್ಡು ಪಡೆದು, ಗೊತ್ತುಮಾಡಿದ ಡಾಕ್ಟರುಗಳಿಂದ ಮಾತ್ರ ಚಿಕಿತ್ಸೆ ಕೊಡಿಸೋ ಸಂಸ್ಥೆ. ಜನ ಕಾಯಿಲೆ ಬೀಳದೇ ಇರೋದು ಸಂಸ್ಥೆಗೂ ಲಾಭ ಅನ್ನೋದು ಅದರ ಹಿಂದಿದ್ದ ಒಳ್ಳೇ ಆಲೋಚನೆ. 1973ರ ಡಿಸೆಂಬರ್‌ನಲ್ಲಿ ನಿಕ್ಸನ್ ಇದಕ್ಕೆ ಉತ್ತೇಜನ ಕೊಡೋ ಕಾಯ್ದೆಗೆ ಸಹಿ ಹಾಕಿದರು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದರ ಕೆಟ್ಟ ಮುಖ ಕಾಣಿಸಿಯಾಗಿತ್ತು. ರೇಗನ್ ಗವರ್ನರ್ ಆಗಿದ್ದಾಗ ಬಡವರ ಮೆಡಿ-ಕಾಲ್ ಯೋಜನೆಯನ್ನು ಖಾಸಗಿ ಪ್ರೀಪೇಡ್ ಪ್ಲಾನ್‌ಗಳಿಗೆ ಗುತ್ತಿಗೆ ಕೊಟ್ಟಿದ್ರು. ತಲೆಗಿಷ್ಟು ಅಂತ ಸರ್ಕಾರದ ದುಡ್ಡು ಬರತ್ತೆ ಅಂದ್ಮೇಲೆ ತಲೆ ಎಣಿಸೋದೇ ದಂಧೆಯಾಯ್ತು. ಏಜೆಂಟರು ಮನೆಮನೆಗೆ ಹೋದರು. ಕೆಲವರು ಬಿಳಿ ಕೋಟು ಹಾಕ್ಕೊಂಡೇ ಹೋದರು. ಸಹಿ ಹಾಕಿದ ಎಷ್ಟೋ ಜನಕ್ಕೆ ತಮ್ಮ ಹಳೇ ಡಾಕ್ಟರನ್ನು ತಾವೇ ಬಿಟ್ಟುಕೊಡ್ತಿದ್ದೀವಿ ಅಂತಾನೇ ಗೊತ್ತಿರಲಿಲ್ಲ. ಹೊಸ ಕ್ಲಿನಿಕ್ಕು ದೂರ, ಹೊತ್ತುಗೊತ್ತಿಗೆ ಸಿಗಲ್ಲ. 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಈ ಬಗ್ಗೆ ವಿಚಾರಣೆ ನಡೆಸಿತು.

ಅದೇ ವರ್ಷ ಬಂದದ್ದು ನಾಕ್ಸ್-ಕೀನ್ ಕಾಯ್ದೆ. ಕ್ಯಾಲಿಫೋರ್ನಿಯಾದ ಇಬ್ಬರು ಶಾಸಕರ ಹೆಸರು ಸೇರಿಸಿ ಕರೆಯೋ ಹೆಸರು ಅದು. ನನಗೆ ಇದರಲ್ಲಿ ತಮಾಷೆ ಅನ್ನಿಸಿದ್ದು, ಎಚ್‌ಎಂಒಗಳನ್ನು ನೋಡ್ಕೊಳೋ ಕೆಲಸವನ್ನು ಆರೋಗ್ಯ ಇಲಾಖೆಗಾಗಲಿ ವಿಮಾ ಇಲಾಖೆಗಾಗಲಿ ಕೊಡದೆ, ಕಾರ್ಪೊರೇಶನ್ ಇಲಾಖೆಗೆ ವಹಿಸಿದ್ದು. ಷೇರು, ಕಂಪನಿ ವ್ಯವಹಾರ ನೋಡೋ ಕಚೇರಿ. 2000ನೇ ಇಸವಿಯವರೆಗೂ ಹಾಗೇ ನಡೀತು.

ಈ ಕಾಯ್ದೆಯಡಿ ಬಂದ ನಿಯಮಗಳಲ್ಲಿ ಅಳತೆಗಳು ಕಾಣಿಸಿಕೊಂಡವು. ಸದಸ್ಯನ ಮನೆ ಅಥವಾ ಕೆಲಸದ ಜಾಗದಿಂದ 15 ಮೈಲಿ ಅಥವಾ 30 ನಿಮಿಷದೊಳಗೆ ಒಬ್ಬ ಪ್ರೈಮರಿ ಡಾಕ್ಟರ್, ಅಷ್ಟರಲ್ಲೇ ಒಂದು ಆಸ್ಪತ್ರೆ. ಪ್ರತಿ 1,200 ಸದಸ್ಯರಿಗೆ ಒಬ್ಬ ಡಾಕ್ಟರ್. ಪ್ರತಿ 2,000 ಸದಸ್ಯರಿಗೆ ಒಬ್ಬ ಪ್ರೈಮರಿ ಡಾಕ್ಟರ್. ನೋಡೋಕೆ ಎಷ್ಟು ಖಚಿತ! ಆದರೆ 15 ಮೈಲಿ ಅಂದ್ರೆ 24 ಕಿಲೋಮೀಟರು. ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗೋರಿಗೆ ಈ ‘ಅಥವಾ’ದ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಮೈಲಿ ಅಳೆದದ್ದು ಹೇಗೆ? ಕಂಪನಿ ತನ್ನ ಪಟ್ಟಿ ಕೊಡತ್ತೆ, ಆ ವಿಳಾಸಗಳನ್ನು ನಕ್ಷೆಯ ಮೇಲೆ ಚುಕ್ಕಿ ಇಡ್ತಾರೆ, ಚುಕ್ಕಿ ಸಾಕಷ್ಟಿದ್ರೆ ಪಾಸು. ಸದಸ್ಯನಿಗೆ ಮಾರೋಕೆ ತೋರಿಸೋ ಪಟ್ಟಿ, ಸರ್ಕಾರಕ್ಕೆ ಲೆಕ್ಕ ಕೊಡೋ ಪಟ್ಟಿ, ಎರಡರ ಮೂಲವೂ ಒಂದೇ. ಸತ್ತುಹೋದ ಡಾಕ್ಟರ್ ಎರಡೂ ಕಡೆ ಲೆಕ್ಕಕ್ಕೆ ಬರ್ತಾರೆ. ಹೆಸರು ತೆಗೆದರೆ ಕಂಪನಿಗೆ ಎರಡೂ ಕಡೆ ನಷ್ಟ, ಬಿಟ್ಟರೆ ಖರ್ಚೇನೂ ಇಲ್ಲ. ಮೋಸ ಮಾಡಬೇಕು ಅಂತ ಯಾರೂ ಕೂತು ಯೋಚಿಸಬೇಕಾಗಿಲ್ಲ, ಸುಮ್ಮನೆ ಇದ್ದರೆ ಸಾಕು, ಪಟ್ಟಿ ತಾನಾಗೇ ಕೊಬ್ಬತ್ತೆ. ನನ್ನ ಇಪ್ಪತ್ಮೂರು ಹೆಸರುಗಳ ಗುಟ್ಟು ಇಷ್ಟೇ ಅಂತ ಅರ್ಥವಾಗೋಕೆ ನನಗೆ ವರ್ಷಗಳೇ ಬೇಕಾದವು.

ಡಾಕ್ಟರುಗಳ ಕಡೆಯ ಮಾತೂ ಹೇಳಬೇಕು. ಒಂದು ಸಣ್ಣ ಕ್ಲಿನಿಕ್ ಹಲವು ಇನ್ಶೂರೆನ್ಸ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿರತ್ತೆ. ಪ್ರತಿಯೊಂದೂ ತನ್ನದೇ ಫಾರಂ ಕಳಿಸಿ, ವಿಳಾಸ ಸರಿಯಿದೆಯಾ, ಹೊಸಬರನ್ನು ನೋಡ್ತೀರಾ ಅಂತ ಕೇಳತ್ತೆ. ರಿಸೆಪ್ಷನ್‌ನಲ್ಲಿರೋ ಒಬ್ಬಳು ಫೋನ್ ಎತ್ತಬೇಕಾ, ಇದನ್ನು ತುಂಬಬೇಕಾ? ಸೈಕಿಯಾಟ್ರಿಸ್ಟ್‌ಗಳಿಗಂತೂ ಇನ್ಶೂರೆನ್ಸ್ ಸಹವಾಸವೇ ಬೇಡವಾಗಿದೆ. ಒಂದು ಅಧ್ಯಯನದ ಪ್ರಕಾರ 2009-10ರ ಹೊತ್ತಿಗೆ ಖಾಸಗಿ ಇನ್ಶೂರೆನ್ಸ್ ಒಪ್ಪುತ್ತಿದ್ದ ಸೈಕಿಯಾಟ್ರಿಸ್ಟ್‌ಗಳು ನೂರಕ್ಕೆ 55, ಬೇರೆ ಡಾಕ್ಟರುಗಳಲ್ಲಿ ಅದು 88ರ ಮೇಲೆ. ಇಲ್ಲದ ಡಾಕ್ಟರನ್ನು ಯಾವ ನಿಯಮವೂ ಹುಟ್ಟಿಸಲಾರದು.

ರಾಜ್ಯಗಳೇ ಯಾಕೆ ಇದನ್ನು ಮಾಡಬೇಕು, ದೆಹಲಿ ಥರ ವಾಷಿಂಗ್ಟನ್ ಯಾಕೆ ಮಾಡಲ್ಲ ಅಂತ ನಿಮಗೆ ಅನ್ನಿಸಬಹುದು. ಅದು ಹಳೇ ಜಗಳ. ವಿಮೆ ಅನ್ನೋದು ಅಂತರರಾಜ್ಯ ವ್ಯಾಪಾರವೇ ಅಲ್ಲ ಅಂತ 1869ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಹಾಗಾಗಿ ಅದು ರಾಜ್ಯಗಳ ಪಾಲಾಯ್ತು. 1944ರಲ್ಲಿ ಅದೇ ಕೋರ್ಟ್ ಮಾತು ಬದಲಿಸಿತು. ಮರುವರ್ಷವೇ ಕಾಂಗ್ರೆಸ್ ಮೆಕ್ಯಾರನ್-ಫರ್ಗುಸನ್ ಕಾಯ್ದೆ ಮಾಡಿ ವಿಮೆಯನ್ನು ಮತ್ತೆ ರಾಜ್ಯಗಳ ಕೈಗೇ ಕೊಟ್ಟಿತು. ಐವತ್ತು ರಾಜ್ಯ, ಐವತ್ತು ಥರದ ರೂಲು. ಎಲ್ಲರಿಗೂ ಒಂದು ಮಾದರಿ ಇರಲಿ ಅಂತ ರಾಜ್ಯಗಳ ವಿಮಾ ಕಮಿಷನರುಗಳ ಸಂಘ 1996ರಲ್ಲಿ ಒಂದು ಮಾದರಿ ಕಾಯ್ದೆ ಬರೆಯಿತು, 2015ರಲ್ಲಿ ತಿದ್ದಿತು. ಅದರಲ್ಲಿ ಮೈಲಿಯೂ ಇಲ್ಲ, ನಿಮಿಷವೂ ಇಲ್ಲ. ಅತಿಯಾದ ತಡವಿಲ್ಲದೆ ಚಿಕಿತ್ಸೆ ಸಿಗುವಷ್ಟು ಡಾಕ್ಟರುಗಳಿರಬೇಕು ಅನ್ನೋ ಅರ್ಥದ ಮಾತಿದೆ, ಅಷ್ಟೆ.

90ರ ದಶಕದಲ್ಲಿ ಎಚ್‌ಎಂಒ ಅಂದ್ರೆ ಜನ ಹಲ್ಲು ಕಡಿಯೋ ಹಾಗಾಯ್ತು. 1997ರ ‘ಆಸ್ ಗುಡ್ ಆಸ್ ಇಟ್ ಗೆಟ್ಸ್’ ಸಿನಿಮಾದಲ್ಲಿ ಮಗನ ಕಾಯಿಲೆಗೆ ಅಲೆದಾಡಿದ ತಾಯಿ ಎಚ್‌ಎಂಒಗೆ ಕೆಟ್ಟದಾಗಿ ಬೈದಾಗ ಥಿಯೇಟರುಗಳಲ್ಲಿ ಚಪ್ಪಾಳೆ ಬೀಳ್ತಿತ್ತಂತೆ. ಆ ಸಿಟ್ಟಿನ ಫಲವಾಗಿ ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವಿಯಲ್ಲಿ ಇದಕ್ಕೇ ಅಂತ ಪ್ರತ್ಯೇಕ ಇಲಾಖೆ ಬಂತು, ಡಿಪಾರ್ಟ್‌ಮೆಂಟ್ ಆಫ್ ಮ್ಯಾನೇಜ್ಡ್ ಹೆಲ್ತ್ ಕೇರ್. 2002ರಲ್ಲಿ ಇನ್ನೊಂದು ಕಾನೂನು. ದೂರ ಅಳೆದದ್ದು ಸಾಕು, ಕಾಯೋ ದಿನ ಎಣಿಸಿ ಅಂತ. ಆ ಕಾನೂನಿನ ನಿಯಮಗಳು ಜಾರಿಗೆ ಬಂದದ್ದು 2010ರಲ್ಲಿ! ಬೇಗ ಡಾಕ್ಟರನ್ನು ಸಿಗೋ ಹಾಗೆ ಮಾಡಬೇಕು ಅನ್ನೋ ಕಾನೂನಿಗೆ ಎಂಟು ವರ್ಷ ಹಿಡಿಯಿತು. ಬಂದ ಮೇಲೆ ಮಾತ್ರ ಚೆನ್ನಾಗಿತ್ತು. ಅನುಮತಿ ಬೇಕಿಲ್ಲದ ತುರ್ತು ಚಿಕಿತ್ಸೆಗೆ 48 ಗಂಟೆ, ಸಾಮಾನ್ಯ ಡಾಕ್ಟರಿಗೆ 10 ಕೆಲಸದ ದಿನ, ಸ್ಪೆಷಲಿಸ್ಟಿಗೆ 15 ಕೆಲಸದ ದಿನ. ಸೈಕಿಯಾಟ್ರಿಸ್ಟ್ ಕೂಡ ಈ ಹದಿನೈದರಲ್ಲೇ ಬರ್ತಾರೆ.

ಆಮೇಲೆ ಒಬಾಮಾ ಕಾಯ್ದೆ. 2014ರ ಜನವರಿಯಿಂದ ಕಾಯಿಲೆ ಇರೋರಿಗೆ ಪಾಲಿಸಿ ಇಲ್ಲ ಅನ್ನೋ ಹಾಗಿಲ್ಲ, ಜಾಸ್ತಿ ಪ್ರೀಮಿಯಂ ಕೇಳೋ ಹಾಗಿಲ್ಲ. ಇದು ನಿಜಕ್ಕೂ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಲೆ ಇಳಿಸೋಕೆ ಕಂಪನಿಗಳಿಗೆ ಉಳಿದ ದೊಡ್ಡ ಕತ್ತರಿ ಒಂದೇ: ಪಟ್ಟಿ ಸಣ್ಣದು ಮಾಡೋದು. ದುಬಾರಿ ಆಸ್ಪತ್ರೆಗಳು ಉದುರಿದವು. ಸಿಯಾಟಲ್‌ನ ಹೆಸರಾಂತ ಮಕ್ಕಳ ಆಸ್ಪತ್ರೆಯನ್ನು ಹಲವು ಹೊಸ ಪ್ಲಾನ್‌ಗಳು ಹೊರಗಿಟ್ಟವು. ಅಂಥ ಪ್ಲಾನಿಗೆ ಒಪ್ಪಿಗೆ ಕೊಟ್ಟಿದ್ದಕ್ಕೆ ಆಸ್ಪತ್ರೆ 2013ರಲ್ಲಿ ವಾಷಿಂಗ್ಟನ್ ರಾಜ್ಯದ ವಿಮಾ ಕಮಿಷನರ್ ಕಚೇರಿಯನ್ನೇ ಕೋರ್ಟಿಗೆ ಎಳೆಯಿತು. ನ್ಯೂ ಹ್ಯಾಂಪ್‌ಶೈರ್‌ನ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಮೊದಲ ವರ್ಷ ಇದ್ದದ್ದೇ ಒಂದು ಕಂಪನಿ. ಅದರ ಪಟ್ಟಿಯಲ್ಲಿ ರಾಜ್ಯದ 26 ಆಸ್ಪತ್ರೆಗಳಲ್ಲಿ 10 ಇರಲಿಲ್ಲ. ಹುಟ್ಟಿದಾಗಿಂದ ಹೋಗ್ತಿದ್ದ ಊರಿನ ಆಸ್ಪತ್ರೆ ದಾಟಿ ಇನ್ನೊಂದಕ್ಕೆ ಓಡಬೇಕು.

ಇಲ್ಲಿ ನನ್ನಂಥವರು ‘ಎಲ್ಲ ಆಸ್ಪತ್ರೆನೂ ಸೇರಿಸ್ರಿ ಅಂತ ಸರ್ಕಾರ ಹೇಳಿಬಿಡಲಿ’ ಅಂತ ಕೂಗೋದು ಸುಲಭ. ಆದರೆ ಪಟ್ಟಿಯಲ್ಲಿ ನೀನು ಇರಲೇಬೇಕು ಅಂತ ಕಾನೂನೇ ಹೇಳಿದರೆ, ಆಸ್ಪತ್ರೆ ಕೇಳಿದ ರೇಟು ಕೊಡಲೇಬೇಕಾಗತ್ತೆ. ಅದು ನನ್ನ ಪ್ರೀಮಿಯಂಗೇ ಬಂದು ಕೂರತ್ತೆ. ಸಣ್ಣ ಪಟ್ಟಿ ತಪ್ಪಲ್ಲ ಅಂತ ನಾನೀಗ ಒಪ್ಪುತ್ತೇನೆ. ಹತ್ತೇ ಹೆಸರಿರಲಿ, ಆ ಹತ್ತೂ ಜನ ಬದುಕಿರಲಿ, ಫೋನ್ ಎತ್ತಲಿ.

ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚು ಗದ್ದಲ ಆಗಿದ್ದು ಈ ಸುಳ್ಳು ಹೆಸರುಗಳ ವಿಷಯಕ್ಕೇ. 2014ರಲ್ಲಿ ಇಲಾಖೆ ಆಂಥಮ್ ಬ್ಲೂ ಕ್ರಾಸ್, ಬ್ಲೂ ಶೀಲ್ಡ್ ಎರಡರ ಪಟ್ಟಿಗಳನ್ನು ಹಿಡಿದು ಪರೀಕ್ಷೆ ಮಾಡಿತು. ಸುಮಾರು ನಾಲ್ಕರಲ್ಲಿ ಒಬ್ಬ ಡಾಕ್ಟರ್ ಒಂದೋ ಆ ವಿಳಾಸದಲ್ಲಿ ಇರಲಿಲ್ಲ, ಇಲ್ಲವೇ ಆ ಪ್ಲಾನಿನ ರೋಗಿಗಳನ್ನು ನೋಡ್ತಿರಲಿಲ್ಲ. 2015ರಲ್ಲಿ ದಂಡ ಬಿತ್ತು, ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್, ಇನ್ನೊಬ್ಬರಿಗೆ ಮೂರೂವರೆ ಲಕ್ಷ. ಆ ಗಾತ್ರದ ಕಂಪನಿಗಳಿಗೆ ಇದು ಪಾರ್ಕಿಂಗ್ ಫೈನ್. ಆದರೆ ಅದೇ ವರ್ಷ ಒಂದು ಕಾನೂನೂ ಬಂತು. ಆನ್‌ಲೈನ್ ಪಟ್ಟಿಯನ್ನು ವಾರಕ್ಕೊಮ್ಮೆ ತಿದ್ದಬೇಕು, ತಪ್ಪು ಪಟ್ಟಿ ನಂಬಿ ಹೋದವನಿಗೆ ಹೆಚ್ಚಿಗೆ ಬಿದ್ದ ಖರ್ಚು ಕಂಪನಿ ಕೊಡಬೇಕು. ಜಾರಿಗೆ ಬಂದದ್ದು 2016ರ ಜುಲೈ.

ಅಂದ್ರೆ ನಾನು ಮೀಟಿಂಗ್ ರೂಮಿನಲ್ಲಿ ಕೂತು ಫೋನ್ ಮಾಡೋಕೆ ಮೂರೇ ತಿಂಗಳ ಹಿಂದೆ.

ಇದನ್ನೆಲ್ಲ ಓದಿಕೊಂಡು, ಹದಿನೈದು ದಿನದ ನಿಯಮ ಪ್ರಿಂಟ್ ತಗೊಂಡು, ಎದೆಯುಬ್ಬಿಸಿ ರಾಜ್ಯದ ಸಹಾಯವಾಣಿಗೆ ಫೋನ್ ಮಾಡಿದೆ. ಈ ಸಲ ಮನುಷ್ಯರೇ ಎತ್ತಿದರು. ಆಕೆ ಎಲ್ಲ ಕೇಳಿಸಿಕೊಂಡು, ‘ನಿಮ್ಮ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ, ಓದ್ತೀರಾ?’ ಅಂದರು. ಓದಿದೆ. ಈ ಕಂಪನಿ ಕ್ಲೇಮ್‌ಗಳ ಆಡಳಿತವನ್ನು ಮಾತ್ರ ನೋಡ್ಕೊಳತ್ತೆ, ಹಣಕಾಸಿನ ಹೊಣೆ ಅದರದ್ದಲ್ಲ ಅನ್ನೋ ಅರ್ಥದ ಒಂದು ಸಾಲು. ನಾಲ್ಕು ವರ್ಷದಿಂದ ಪರ್ಸಿನಲ್ಲಿದ್ದ ಕಾರ್ಡು, ಒಂದು ದಿನವೂ ಓದಿರಲಿಲ್ಲ. ‘ನಿಮ್ಮದು ಸೆಲ್ಫ್-ಫಂಡೆಡ್ ಪ್ಲಾನ್ ಸರ್. ದುಡ್ಡು ನಿಮ್ಮ ಎಂಪ್ಲಾಯರ್‌ದು. ರಾಜ್ಯದ ನಿಯಮ ನಿಮಗೆ ಅನ್ವಯ ಆಗಲ್ಲ. ಫೆಡರಲ್ ಕಾರ್ಮಿಕ ಇಲಾಖೆಯನ್ನು ಕೇಳಬೇಕು’ ಅಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.

ಹಾಗಾದ್ರೆ ನನ್ನನ್ನು ಹೊರಗಿಟ್ಟದ್ದು ಯಾವ ಕಾನೂನು? ಅದರ ಮೂಲ ಒಂದು ಕಾರ್ ಫ್ಯಾಕ್ಟರಿಯಲ್ಲಿದೆ. 1963ರ ಡಿಸೆಂಬರ್‌ನಲ್ಲಿ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಸ್ಟೂಡಿಬೇಕರ್ ಕಾರ್ಖಾನೆ ಮುಚ್ಚಿತು. ಪಿಂಚಣಿ ನಿಧಿಯಲ್ಲಿ ಸಾಕಷ್ಟು ದುಡ್ಡಿರಲಿಲ್ಲ. ಅರವತ್ತು ದಾಟಿದವರಿಗೆ ಪೂರ್ತಿ ಸಿಕ್ಕಿತು. ಅದಕ್ಕಿಂತ ಚಿಕ್ಕವರು, ನಲವತ್ತು ದಾಟಿದ ಸುಮಾರು ನಾಲ್ಕು ಸಾವಿರ ಕೆಲಸಗಾರರಿಗೆ ಸಿಕ್ಕಿದ್ದು ಡಾಲರಿಗೆ ಸುಮಾರು 15 ಸೆಂಟ್. ಆ ಅನ್ಯಾಯ ಮತ್ತೆ ಆಗಬಾರದು ಅಂತ ಹನ್ನೊಂದು ವರ್ಷ ಚರ್ಚೆ ನಡೆದು 1974ರ ಕಾರ್ಮಿಕ ದಿನದಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾಯ್ದೆಗೆ ಎರಿಸಾ ಅಂತ ಹೆಸರು. ಪಿಂಚಣಿಯ ಕಾಯ್ದೆ. ಆದರೆ ಅದರಲ್ಲಿ ಕೆಲಸಗಾರರಿಗೆ ಕೊಡೋ ಬೇರೆ ಸವಲತ್ತುಗಳೂ ಸೇರಿದ್ದವು, ಜೊತೆಗೆ ಒಂದು ಷರತ್ತು: ಇವುಗಳ ಬಗ್ಗೆ ರಾಜ್ಯಗಳ ಕಾನೂನು ನಡೆಯಲ್ಲ. ಇನ್ಶೂರೆನ್ಸ್ ಕಂಪನಿಗಳನ್ನು ರಾಜ್ಯ ನಿಯಂತ್ರಿಸಬಹುದು. ಆದರೆ ಕಂಪನಿಯೊಂದು ಇನ್ಶೂರೆನ್ಸ್ ಕೊಳ್ಳದೆ, ತನ್ನ ನೌಕರರ ಆಸ್ಪತ್ರೆ ಬಿಲ್ಲನ್ನು ತಾನೇ ಕಟ್ಟಿದರೆ, ಅದನ್ನು ಇನ್ಶೂರೆನ್ಸ್ ಕಂಪನಿ ಅಂತ ರಾಜ್ಯ ಕರೆಯೋ ಹಾಗಿಲ್ಲ.

ಇದು ಸುಪ್ರೀಂ ಕೋರ್ಟಿನಲ್ಲಿ ಸ್ಪಷ್ಟವಾದದ್ದು 1985ರಲ್ಲಿ. ಮ್ಯಾಸಚೂಸೆಟ್ಸ್ ರಾಜ್ಯ ಒಂದು ಒಳ್ಳೇ ಕಾನೂನು ಮಾಡಿತ್ತು: ಆರೋಗ್ಯ ವಿಮೆ ಮಾರೋರು ಇಷ್ಟು ಮಟ್ಟಿಗಿನ ಚಿಕಿತ್ಸೆಯನ್ನು ಕೊಡಲೇಬೇಕು ಅಂತ. ಮೆಟ್ರೊಪಾಲಿಟನ್ ಲೈಫ್ ಕಂಪನಿ ಒಪ್ಪಲಿಲ್ಲ. ರಾಜ್ಯವೇ ಗೆದ್ದಿತು. ಆದರೆ ತೀರ್ಪಿನಲ್ಲೇ ಕೋರ್ಟ್ ಗೆರೆ ಎಳೆಯಿತು: ಇನ್ಶೂರೆನ್ಸ್ ಕೊಂಡ ಪ್ಲಾನಿಗೆ ರಾಜ್ಯದ ಕಾನೂನು ಮುಟ್ಟತ್ತೆ, ಸ್ವಂತ ದುಡ್ಡಿನ ಪ್ಲಾನಿಗೆ ಮುಟ್ಟಲ್ಲ. ಆ ಕಾನೂನು ಯಾವ ಚಿಕಿತ್ಸೆಯ ಬಗ್ಗೆ ಇತ್ತು ಗೊತ್ತಾ? ಮಾನಸಿಕ ಕಾಯಿಲೆಯ ಚಿಕಿತ್ಸೆ. ಆ ಸಾಲು ಓದಿದಾಗ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ.

ದೊಡ್ಡ ಕಂಪನಿಗಳಿಗೆ ಈ ಗೆರೆ ಬಹಳ ಅನುಕೂಲ. ಐವತ್ತು ರಾಜ್ಯಗಳ ಐವತ್ತು ರೂಲಿನ ಗೋಜಿಲ್ಲ. ಈಗ ಅಮೆರಿಕದಲ್ಲಿ ನೌಕರಿಯ ಮೂಲಕ ವಿಮೆ ಇರೋ ಕೆಲಸಗಾರರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಜನ ಇಂಥ ಪ್ಲಾನಿನಲ್ಲೇ ಇದ್ದಾರೆ. ಎಚ್-1ಬಿಯಲ್ಲಿ ಹೋದ ನಮ್ಮ ಹುಡುಗರು ದೊಡ್ಡ ಕಂಪನಿ ಸೇರಿದ್ರೆ ಅವರ ಕೈಯಲ್ಲಿರೋದೂ ಬಹುಪಾಲು ಇಂಥದ್ದೇ ಕಾರ್ಡು. ಸಾಂಟಾ ಕ್ಲಾರಾದ ಸಣ್ಣ ಅಂಗಡಿಯಲ್ಲಿ ಕೆಲಸ ಮಾಡಿ, ಸರ್ಕಾರಿ ಮಾರುಕಟ್ಟೆಯಲ್ಲಿ ಪಾಲಿಸಿ ಕೊಂಡವನಿಗೆ ಹದಿನೈದು ದಿನದ ನಿಯಮ ಇತ್ತು. ಕ್ಯಾಂಪಸ್ಸಿನಲ್ಲಿ ಮೂರು ಹೊತ್ತು ಬಿಟ್ಟಿ ಊಟ ಮಾಡ್ತಿದ್ದ ನನಗಿರಲಿಲ್ಲ. ಆಫರ್ ಲೆಟರ್ ಬಂದಾಗ ನಾನು ಸಂಬಳ ನೋಡಿದ್ದೆ, ಷೇರು ನೋಡಿದ್ದೆ, ಹೆಲ್ತ್ ಇನ್ಶೂರೆನ್ಸ್ ಎದುರು ‘ಎಕ್ಸಲೆಂಟ್’ ಅಂತ ಇದ್ದದ್ದು ನೋಡಿ ಮುಂದೆ ಹೋಗಿದ್ದೆ.

ಕೊನೆಗೆ ಡಾಕ್ಟರ್ ಸಿಕ್ಕಿದ್ದು ಪಟ್ಟಿಯಿಂದ ಅಲ್ಲ. ಕನ್ನಡ ಕೂಟದಲ್ಲಿ ಪರಿಚಯವಾಗಿದ್ದ ಒಬ್ಬರು, ‘ನನ್ನ ತಂಗಿಗೂ ಹೀಗೇ ಆಗಿತ್ತು, ಯಾರಿಗೂ ಹೇಳಬೇಡಿ’ ಅಂತ ಒಂದು ನಂಬರ್ ಕೊಟ್ಟರು. ಆ ಡಾಕ್ಟರ್ ಯಾವ ಇನ್ಶೂರೆನ್ಸೂ ತಗೊಳಲ್ಲ. ಮೊದಲ ಭೇಟಿಗೆ 450 ಡಾಲರ್, ಚೆಕ್ ಬರೀಬೇಕು. ನಾಲ್ಕನೇ ದಿನಕ್ಕೆ ಅಪಾಯಿಂಟ್‌ಮೆಂಟ್. ನನ್ನ ಹತ್ರ 450 ಡಾಲರ್ ಇತ್ತು. ಅತ್ತೆ ವೀಸಾ ಮುಗಿಯೋ ಹೊತ್ತಿಗೆ ಹೆಂಡತಿ ರಾತ್ರಿ ನಿದ್ದೆ ಮಾಡ್ತಿದ್ದಳು. ಯುಗಾದಿ ಹೊತ್ತಿಗೆ ನನ್ನ ಜೊತೆ ಜಗಳ ಆಡೋಕೂ ಶುರು ಮಾಡಿದಳು, ಮನೆ ಮತ್ತೆ ಮನೆಯಾಯ್ತು.

ಆಮೇಲಿನ ಚರಿತ್ರೆ ಚಿಕ್ಕದು. 2022ರ ಜನವರಿಯಿಂದ ‘ನೋ ಸರ್ಪ್ರೈಸಸ್’ ಕಾಯ್ದೆ ಜಾರಿಗೆ ಬಂತು. ಅದು ಫೆಡರಲ್ ಕಾನೂನಾದ್ದರಿಂದ ನನ್ನಂಥ ಕಾರ್ಡಿನವರಿಗೂ ಅನ್ವಯ. ಪಟ್ಟಿಯನ್ನು 90 ದಿನಕ್ಕೊಮ್ಮೆಯಾದರೂ ಪರಿಶೀಲಿಸಬೇಕು, ತಪ್ಪು ಪಟ್ಟಿ ನಂಬಿ ಹೋದವನಿಗೆ ನೆಟ್‌ವರ್ಕ್ ಒಳಗಿನ ರೇಟೇ ಹಾಕಬೇಕು. ಒಳ್ಳೇದೇ. ಆದರೆ ತಪ್ಪು ನಂಬರಿಗೆ ಫೋನ್ ಮಾಡಿದವನಿಗೆ ಬಿಲ್ಲೇ ಬರಲ್ಲ, ಅವನಿಗೆ ಏನು ವಾಪಸ್ ಕೊಡ್ತಾರೆ? 2023ರಲ್ಲಿ ಸೆನೆಟ್‌ನ ಹಣಕಾಸು ಸಮಿತಿಯ ಸಿಬ್ಬಂದಿ ಆರು ರಾಜ್ಯಗಳ 12 ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್‌ಗಳ ಪಟ್ಟಿಯಿಂದ ಮಾನಸಿಕ ಚಿಕಿತ್ಸೆಗೆ 120 ಫೋನ್ ಮಾಡಿದರು. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ನೂರಕ್ಕೆ 18 ಸಲ. ಅದೇ ವರ್ಷದ ಕೊನೆಗೆ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 13 ಪ್ಲಾನ್‌ಗಳ ಪಟ್ಟಿ ಹಿಡಿದು ಸುಮಾರು 400 ಜನಕ್ಕೆ ಫೋನ್ ಮಾಡಿಸಿತು. ನೂರಕ್ಕೆ 86 ಹೆಸರು ಹುಸಿ. ಇಂಥ ಪಟ್ಟಿಗಳಿಗೆ ಅಲ್ಲಿ ಈಗ ‘ಘೋಸ್ಟ್ ನೆಟ್‌ವರ್ಕ್’ ಅಂತ ಹೆಸರೇ ಇದೆ, ದೆವ್ವದ ಪಟ್ಟಿ. ನಕ್ಷೆಯ ಮೇಲೆ ಚುಕ್ಕಿ ಇಟ್ಟು ಮೈಲಿ ಎಣಿಸಿದ ಅಧಿಕಾರಿಗಳು ಐವತ್ತು ವರ್ಷದ ಹಿಂದೆ ಮಾಡಬಹುದಾಗಿದ್ದ ಕೆಲಸ ಇದು. ಒಂದು ಫೋನು, ಒಂದು ನೋಟ್‌ಬುಕ್ಕು, ಒಂದು ಮಧ್ಯಾಹ್ನ.

ಬೆಂಗಳೂರಿಗೆ ವಾಪಸ್ ಬಂದಾಗ ಆ ನೋಟ್‌ಬುಕ್ ಹೇಗೋ ಸಾಮಾನಿನ ಜೊತೆ ಬಂದಿದೆ. ಇದನ್ನು ಬರೆಯೋ ಮೊದಲು ಹೆಂಡತಿಯನ್ನು ಕೇಳಿದೆ, ಬರೀಲಾ ಅಂತ. ‘ಬರಿ, ಆದ್ರೆ ಸರಿಯಾಗಿ ಬರಿ’ ಅಂದಳು. ಬರೆದ ಮೇಲೆ ಓದಿದಳು. ನೋಟ್‌ಬುಕ್ಕಿನ ಪುಟ ತೆಗೆದು, ಕೊನೆಯ ಎರಡು ಹೆಸರಿನಲ್ಲಿ ಒಂದರ ಮೇಲೆ ಬೆರಳಿಟ್ಟಳು.

‘ಇವರು ವಾಪಸ್ ಫೋನ್ ಮಾಡಿದ್ರು.’

‘ಯಾವಾಗ?’

‘ಡಿಸೆಂಬರ್‌ನಲ್ಲಿ. ನೀನು ಆಫೀಸಲ್ಲಿದ್ದೆ. ಮೆಸೇಜ್ ಈಗ ಕೇಳಿದೆ, ಸಾರಿ, ಇನ್ನೂ ಅಪಾಯಿಂಟ್‌ಮೆಂಟ್ ಬೇಕಾ ಅಂದ್ರು. ಪಾಪ, ತುಂಬಾ ಒಳ್ಳೇ ದನಿ. ಬೇಡ ಅಂದೆ.’